ಮಡೋಕಾ ಮ್ಯಾಜಿಕಾ: ಕ್ಯೂಬೇ ಮಾಡಿಸುವ ಆ ಒಪ್ಪಂದದ ಬಗ್ಗೆ ಮಾತಾಡೋಣ

ನಡುರಾತ್ರಿ ನೋಡುಗ

ಮಡೋಕಾ ಮ್ಯಾಜಿಕಾ ಅನ್ನುವ ಜಪಾನಿ ಅನಿಮೆ (ಕಾರ್ಟೂನ್) ಸರಣಿಯ ಈ ಚರ್ಚೆಯಲ್ಲಿ ಕಥೆಯ ಗುಟ್ಟೆಲ್ಲ ಹೊರಗೆ ಬರುತ್ತದೆ. ಹನ್ನೆರಡು ಎಪಿಸೋಡ್ ಮುಗಿಸದವರು ದಯವಿಟ್ಟು ನೋಡಿ ಬಂದು ಓದಿ. ಈ ಕಥೆಯನ್ನು ಏನೂ ಗೊತ್ತಿಲ್ಲದೆ ನೋಡುವುದೇ ಚೆಂದ.

ಮಂತ್ರಶಕ್ತಿ ಪಡೆದ ಹುಡುಗಿಯರ ಕಥೆ ಹೇಳುವ ಮ್ಯಾಜಿಕಲ್ ಗರ್ಲ್ ಅನಿಮೆಗಳ ಕಡೆ ನನಗೆ ಹೆಚ್ಚು ಒಲವಿರಲಿಲ್ಲ. ಗುಲಾಬಿ ಫ್ರಾಕು, ಮಾತಾಡುವ ಮುದ್ದು ಪ್ರಾಣಿ, ಸ್ನೇಹದ ಬಲಕ್ಕೆ ಸೋಲುವ ದುಷ್ಟಶಕ್ತಿ. ಮಡೋಕಾ ನೋಡಲು ಕೂತದ್ದು ಶಾಫ್ಟ್ ಸ್ಟುಡಿಯೋ ಹೆಸರು ಕಂಡು. ನಿರ್ದೇಶಕ ಅಕಿಯುಕಿ ಶಿನ್ಬೊ ಕೈಯಲ್ಲಿ ಗಾಜಿನ ಗೋಡೆಗಳ ತರಗತಿ ಹೇಗೆ ಕಾಣುತ್ತದೆ ಅನ್ನುವ ಕುತೂಹಲ ಅಷ್ಟೇ.

ಕಥೆಯಲ್ಲಿ ಕ್ಯೂಬೇ ಅನ್ನುವ ಮುದ್ದು ಪ್ರಾಣಿ ಹುಡುಗಿಯರ ಒಂದು ಕೋರಿಕೆ ಈಡೇರಿಸುತ್ತದೆ, ಬದಲಿಗೆ ಅವರು ಮ್ಯಾಜಿಕಲ್ ಗರ್ಲ್ ಆಗಿ ಮಾಟಗಾತಿಯರ ಜೊತೆ ಹೋರಾಡಬೇಕು. ಮೂರನೇ ಎಪಿಸೋಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಮೊದಲೇ ಮ್ಯಾಜಿಕಲ್ ಗರ್ಲ್ ಆಗಿರುವ ಮಾಮಿ ಸಾಯುತ್ತಾಳೆ. ಬೊಂಬೆಯ ಬಾಯಿಂದ ಹುಳುವಿನಂಥ ದೈತ್ಯ ಹೊರಬಂದು ಒಂದೇ ಏಟಿಗೆ ಅವಳ ತಲೆ ಕಚ್ಚುತ್ತದೆ. ನಾನೂ ಬೆಚ್ಚಿದೆ. ಆದರೆ ನೋಡುವವರನ್ನು ಬೆಚ್ಚಿಬೀಳಿಸುವುದು ಅಂಥ ದೊಡ್ಡ ಕೆಲಸವೇನಲ್ಲ, ಅಲ್ವಾ? ನನ್ನನ್ನು ಹಿಡಿದದ್ದು ಅದೇ ಎಪಿಸೋಡಿನಲ್ಲಿ ಅದಕ್ಕೂ ಮೊದಲು ಮಾಮಿ ಕೇಳುವ ಒಂದು ಪ್ರಶ್ನೆ. ನಾಯಕಿ ಮಡೋಕಾಳ ಗೆಳತಿ ಸಯಾಕಾ ಇಷ್ಟಪಡುವ ಹುಡುಗ ಪಿಟೀಲು ನುಡಿಸುತ್ತಿದ್ದವನು, ಈಗ ಅವನ ಕೈ ಕೆಲಸ ಮಾಡುವುದಿಲ್ಲ. ತನ್ನ ಕೋರಿಕೆಯನ್ನು ಅವನಿಗಾಗಿ ಬಳಸಬಹುದಾ ಅಂತ ಸಯಾಕಾ ಕೇಳುತ್ತಾಳೆ. ಅವನ ಕನಸು ಈಡೇರಬೇಕೋ, ಅದನ್ನು ಈಡೇರಿಸಿದವಳು ನೀನಾಗಬೇಕೋ, ಅದನ್ನು ಮೊದಲು ತಿಳಿದುಕೋ ಅನ್ನುತ್ತಾಳೆ ಮಾಮಿ.

ಸಯಾಕಾಳ ಇಡೀ ಕಥೆ ಈ ಪ್ರಶ್ನೆಯ ಮೇಲೆ ನಿಂತಿದೆ. ಅವಳು ಒಪ್ಪಂದ ಮಾಡಿಕೊಳ್ಳುತ್ತಾಳೆ, ಹುಡುಗನ ಕೈ ವಾಸಿಯಾಗುತ್ತದೆ. ಕೇಳಿದ್ದು ಕೇಳಿದ ಹಾಗೆಯೇ ಸಿಕ್ಕಿತು. ಅದರಲ್ಲಿ ಮೋಸವಿಲ್ಲ. ಆಮೇಲೆ ಅವಳ ಗೆಳತಿ ಹಿತೋಮಿ ಬಂದು, ನನಗೂ ಅವನು ಇಷ್ಟ, ನಿನಗೆ ಒಂದು ದಿನ ಸಮಯ ಕೊಡುತ್ತೇನೆ ಅನ್ನುತ್ತಾಳೆ. ಅಷ್ಟು ಹೊತ್ತಿಗೆ ಸಯಾಕಾಗೆ ಗೊತ್ತಾಗಿದೆ, ತನ್ನ ಜೀವ ಈಗ ಅಂಗೈಯಲ್ಲಿರುವ ಸೋಲ್ ಜೆಮ್ ಅನ್ನುವ ಹರಳಿನ ಒಳಗಿದೆ, ಈ ಮೈ ಬರೀ ಹೊರಗಿನ ಚಿಪ್ಪು. ಯಾವ ಬಾಯಿಂದ ಹೋಗಿ ಪ್ರೀತಿ ಹೇಳಿಕೊಳ್ಳಲಿ ಅನ್ನುವುದು ಅವಳ ಸಂಕಟ. ಒಳ್ಳೆಯದು ಮಾಡಿದವಳಿಗೆ ಎದುರಾಗಿ ಏನೋ ಬೇಕಿತ್ತು. ಬೇಕಿತ್ತು ಅಂತ ಒಪ್ಪಿಕೊಳ್ಳಲು ಅವಳ ಕೈಲಾಗುವುದಿಲ್ಲ. ಹದಿನಾಲ್ಕರ ಹುಡುಗಿಯ ಈ ನೋವನ್ನು ಇಷ್ಟು ಗೌರವದಿಂದ ತೋರಿಸಿದ ಇನ್ನೊಂದು ಕಥೆ ನಾನು ನೋಡಿಲ್ಲ.

ಕ್ಯೂಬೇ ಸುಳ್ಳು ಹೇಳಿ ಯಾರನ್ನೂ ಹಿಡಿಯುವುದಿಲ್ಲ. ಕೇಳದ್ದನ್ನು ಹೇಳುವುದಿಲ್ಲ, ಅಷ್ಟೇ. ಸಹಿ ಹಾಕುವವರು ಸಣ್ಣ ಅಕ್ಷರ ಓದಲಿಲ್ಲ ಅನ್ನುವುದು ಅದರ ವಾದ. ನಿಮಗೆಲ್ಲ ಏನನ್ನಿಸಿತು? ಈ ಕಥೆಗೆ ನೀವು ಮನಸೋತದ್ದು ಎಲ್ಲಿ?

ಬಣ್ಣದ ಕೊಡೆ

ನಾನು ಎರಡನೇ ಎಪಿಸೋಡಿಗೇ ನಿಲ್ಲಿಸಿದ್ದೆ. ನಿಧಾನ ಅನ್ನಿಸಿತ್ತು. ಗುಟ್ಟು ಗೊತ್ತಾದರೂ ಪರವಾಗಿಲ್ಲ ಅಂತಲೇ ಇದನ್ನು ಓದಿದೆ. ಆ ಎರಡು ಎಪಿಸೋಡ್ ಬಿಟ್ಟು ನೇರ ಮೂರಕ್ಕೆ ಹೋದರೆ ನಡೆಯುತ್ತದಾ?

ನಡುರಾತ್ರಿ ನೋಡುಗ

ಬಿಡಬೇಡಿ. ಮಾಮಿಯ ಮನೆಯಲ್ಲಿ ಕೇಕು, ಚಹಾ ಇಟ್ಟುಕೊಂಡು ಮಾತಾಡುವ ದೃಶ್ಯಗಳಿಲ್ಲದೆ ಮೂರನೆಯದಕ್ಕೆ ಅರ್ಥವಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವಳು ಒಬ್ಬಳೇ ಇರುತ್ತಾಳೆ. ಕಾರು ಅಪಘಾತದಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ಒಪ್ಪಂದ ಮಾಡಿಕೊಂಡವಳು. ಯೋಚಿಸಲು ಅವಳಿಗೆ ಸಮಯವೇ ಇರಲಿಲ್ಲ. ಅದಕ್ಕೇ ಬೇರೆಯವರಿಗೆ ಚೆನ್ನಾಗಿ ಯೋಚಿಸಿ ಅಂತ ಹೇಳುತ್ತಾಳೆ. ಇನ್ನು ಮುಂದೆ ನಿಮ್ಮ ಜೊತೆ ನಾನಿರುತ್ತೇನೆ ಅಂತ ಮಡೋಕಾ ಹೇಳಿದಾಗ ಅವಳಿಗೆ ಎಷ್ಟು ಖುಷಿಯಾಗುತ್ತದೆ ನೋಡಿ. ಆ ಖುಷಿಯಲ್ಲೇ ಅವಳು ಮೈಮರೆಯುವುದು. ಇಷ್ಟು ದಿನ ಒಂಟಿಯಾಗಿದ್ದವಳು, ಒಂಟಿತನ ಮುಗಿಯಿತು ಅಂದುಕೊಂಡ ದಿನವೇ ಸಾಯುತ್ತಾಳೆ.

ನಾಲ್ಕನೇ ಎಪಿಸೋಡಿನ ಶುರುವೂ ಅದಕ್ಕೇ ಮುಖ್ಯ. ಮರುದಿನ ಬೆಳಿಗ್ಗೆ ಅಪ್ಪ ಮಾಡಿಕೊಟ್ಟ ತಿಂಡಿ ತಿನ್ನುತ್ತ ಮಡೋಕಾ ಅಳುತ್ತಾಳೆ. ರುಚಿಯಾಗಿದೆ, ನಾನು ಬದುಕಿದ್ದೇನೆ ಅಂತ. ಒಂದು ಪಾತ್ರ ಸತ್ತ ಮೇಲೆ ಉಳಿದವರು ಹೀಗೆ ಊಟದ ಮುಂದೆ ಕೂತು ಅಳುವುದನ್ನು ತೋರಿಸುವ ತಾಳ್ಮೆ ಎಷ್ಟು ಕಥೆಗಳಿಗಿದೆ?

ಹಳೇ ರೀಲು

ಒಳ್ಳೆಯ ಬರಹ. ಒಂದು ವಿಷಯ ಸೇರಿಸಬೇಕು. ಮ್ಯಾಜಿಕಲ್ ಗರ್ಲ್ ಕಥೆಗಳು ಅಲ್ಲಿಯವರೆಗೆ ಬರೀ ಸಿಹಿಯಾಗಿದ್ದವು, ಮಡೋಕಾ ಬಂದು ಮೊದಲ ಸಲ ಕತ್ತಲು ತಂದಿತು ಅಂತ ತುಂಬ ಜನ ಬರೆಯುತ್ತಾರೆ. ಅದು ಹಾಗಲ್ಲ.

ಈ ಪ್ರಕಾರ ಟಿವಿಯಲ್ಲಿ ಶುರುವಾದದ್ದು 1966ರಲ್ಲಿ, ತೋಎಯಿ ಸ್ಟುಡಿಯೋದ ಸ್ಯಾಲಿ ಅನ್ನುವ ಪುಟ್ಟ ಮಾಟಗಾತಿಯ ಕಥೆಯಿಂದ. 1982ರಲ್ಲಿ ಶುರುವಾದ ಮಿಂಕಿ ಮೊಮೊ ಸರಣಿಯಲ್ಲಿ ನಾಯಕಿ ಮಂತ್ರಶಕ್ತಿ ಕಳೆದುಕೊಂಡ ಮೇಲೆ ಲಾರಿಗೆ ಸಿಕ್ಕಿ ಸಾಯುತ್ತಾಳೆ. ಅದನ್ನು ನೋಡುತ್ತಿದ್ದವರು ಚಿಕ್ಕ ಮಕ್ಕಳು. ಸೇಲರ್ ಮೂನ್ 1992ರಲ್ಲಿ ಬಂತು. ಅದರ ಮೊದಲ ಸೀಸನ್ನಿನ ಕೊನೆಯಲ್ಲಿ ಗೆಳತಿಯರು ಒಬ್ಬೊಬ್ಬರಾಗಿ ನಾಯಕಿಯ ಕಣ್ಣೆದುರೇ ಜೀವ ಬಿಡುತ್ತಾರೆ. ಆಮೇಲೆ ಎಲ್ಲ ಸರಿಹೋಗುತ್ತದೆ ನಿಜ, ಆದರೆ ಆ ಹೊತ್ತಿಗೆ ನೋಡುವ ಮಗುವಿಗೆ ಅದು ಗೊತ್ತಿರುವುದಿಲ್ಲ.

ಶಿನ್ಬೊ ಕೂಡ ಈ ದಾರಿಗೆ ಹೊಸಬರಲ್ಲ. 2004ರಲ್ಲಿ ನಾನೋಹಾ ಅನ್ನುವ ಮ್ಯಾಜಿಕಲ್ ಗರ್ಲ್ ಸರಣಿಯ ಮೊದಲ ಸೀಸನ್ ನಿರ್ದೇಶಿಸಿದ್ದು ಅವರೇ. ಹಾಗಾಗಿ ಹೊರಗಿನಿಂದ ಯಾರೋ ಬಂದು ಈ ಪ್ರಕಾರವನ್ನು ಒಡೆದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಳಗಿನ ನಿಯಮಗಳು ಚೆನ್ನಾಗಿ ಗೊತ್ತಿದ್ದವರೇ ಇದನ್ನು ಮಾಡಿದ್ದು.

ಹೊಸದೇನು ಅಂದರೆ, ಹಳೆಯ ಕಥೆಗಳಲ್ಲಿ ಕೆಟ್ಟದ್ದು ಹೊರಗಿನಿಂದ ಬರುತ್ತಿತ್ತು. ಶಕ್ತಿ ಕೊಟ್ಟ ಮುದ್ದು ಪ್ರಾಣಿ ಯಾವಾಗಲೂ ನಮ್ಮ ಕಡೆ. ಇಲ್ಲಿ ಶಕ್ತಿ ಕೊಡುವ ಏರ್ಪಾಡಿನಲ್ಲೇ ಕೆಡುಕಿದೆ. ಹುಡುಗಿಯರು ಹೋರಾಡುವ ಮಾಟಗಾತಿಯರು ಕೂಡ ಒಂದು ಕಾಲಕ್ಕೆ ಇವರಂಥ ಹುಡುಗಿಯರೇ. ಒಬ್ಬಳನ್ನು ಕೊಂದು ಸಿಗುವ ಗ್ರೀಫ್ ಸೀಡಿನಿಂದ ಇನ್ನೊಬ್ಬಳು ತನ್ನ ಸೋಲ್ ಜೆಮ್ ತೊಳೆದುಕೊಂಡು ಇನ್ನಷ್ಟು ದಿನ ಬದುಕಬೇಕು. ಎಂಟನೇ ಎಪಿಸೋಡಿನಲ್ಲಿ ಸಯಾಕಾ ಮಾಟಗಾತಿಯಾದಾಗ ಇದು ಗೊತ್ತಾಗುತ್ತದೆ. ಒಮ್ಮೆ ಗೊತ್ತಾದ ಮೇಲೆ ಹಿಂದೆ ನೋಡಿದ ಪ್ರತಿ ಹೋರಾಟದ ಬಣ್ಣವೇ ಬದಲಾಗುತ್ತದೆ.

ಮೌನರಾಗ

ಇಷ್ಟು ಜನ ಹೊಗಳುತ್ತಿರುವಾಗ ನಾನು ಬೇರೆ ಮಾತು ಹೇಳಬೇಕಿದೆ. ಬೇಸರ ಮಾಡಿಕೊಳ್ಳಬೇಡಿ.

ನನಗೆ ಈ ಕಥೆ ಹಿಡಿಸಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯರನ್ನು ಒಬ್ಬೊಬ್ಬರಾಗಿ ಹಿಂಡುವುದನ್ನು ನೋಡುತ್ತ ಕೂರಬೇಕು. ಮಧ್ಯರಾತ್ರಿ ಪ್ರಸಾರವಾದ ಸರಣಿ ಇದು, ಅಂದರೆ ದೊಡ್ಡವರಿಗಾಗಿ ಮಾಡಿದ್ದು. ಹುಡುಗಿಯರಿಗಾಗಿ ಇದ್ದ ಒಂದು ಪ್ರಕಾರವನ್ನು ತೆಗೆದುಕೊಂಡು ಬೇರೆ ಯಾರಿಗೋ ನೋವಿನ ಪ್ರದರ್ಶನ ಮಾಡಿ ತೋರಿಸಿದ ಹಾಗೆ ನನಗೆ ಅನ್ನಿಸಿತು. ಇದರ ಹಿಂದೆಯೇ ಬಂದ ಎಷ್ಟೋ ಸರಣಿಗಳು ಅದನ್ನೇ ಇನ್ನೂ ಕೆಟ್ಟದಾಗಿ ಮಾಡಿದವು. ರಕ್ತ ಜಾಸ್ತಿ, ಅಳು ಜಾಸ್ತಿ, ಒಳಗೆ ಏನೂ ಇಲ್ಲ.

ನಡುರಾತ್ರಿ ನೋಡುಗ

ಬೇಸರ ಯಾಕೆ? ನೀವು ಹೇಳಿದ್ದರಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ಇದರ ನಂತರ ಬಂದ ಅನೇಕ ಸರಣಿಗಳು ಮೂರನೇ ಎಪಿಸೋಡಿನಿಂದ ಸಾವನ್ನು ಮಾತ್ರ ಕಲಿತವು. ಮಾಮಿಯ ಪ್ರಶ್ನೆಯನ್ನು ಕಲಿಯಲಿಲ್ಲ.

ಆದರೆ ನೋವನ್ನು ತೋರಿಸುವುದು ಬೇರೆ, ನೋವಿನಲ್ಲಿ ಖುಷಿಪಡುವುದು ಬೇರೆ. ಸಯಾಕಾ ರೈಲಿನಲ್ಲಿ ಕೂತಿರುವ ದೃಶ್ಯ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ಇಬ್ಬರು ಗಂಡಸರು ತಮ್ಮನ್ನು ನಂಬಿದ ಹೆಂಗಸರ ಬಗ್ಗೆ ಎಷ್ಟು ಹಗುರವಾಗಿ ಮಾತಾಡುತ್ತಾರೆ. ಈ ಲೋಕವನ್ನು ಕಾಪಾಡಲು ನಾನು ಹೋರಾಡಬೇಕಾ ಅಂತ ಅವಳು ಕೇಳುತ್ತಾಳೆ. ಆಮೇಲೆ ಏನಾಯಿತು ಅಂತ ಕಥೆ ತೋರಿಸುವುದೇ ಇಲ್ಲ. ನೋವಿನ ಪ್ರದರ್ಶನವೇ ಗುರಿಯಾಗಿದ್ದರೆ ಅಲ್ಲಿ ತೆರೆ ಎಳೆಯುತ್ತಿದ್ದರಾ?

ಇನ್ನೂ ಮುಖ್ಯವಾದದ್ದು ಕೊನೆಯ ಎಪಿಸೋಡ್. ಬರೆದ ಗೆನ್ ಉರೊಬುಚಿ ಮನುಷ್ಯರ ಆಸೆಗಳೆಲ್ಲ ಮೂರ್ಖತನ ಅಂತ ಕಥೆ ಮುಗಿಸಬಹುದಿತ್ತು. ಕ್ಯೂಬೇ ಹೇಳುವುದು ಅದನ್ನೇ ತಾನೇ. ಮಡೋಕಾ ಅದನ್ನು ಒಪ್ಪುವುದಿಲ್ಲ. ಎಲ್ಲ ಕಾಲದ, ಎಲ್ಲ ಲೋಕದ ಮಾಟಗಾತಿಯರನ್ನೂ ಅವರು ಹುಟ್ಟುವ ಮೊದಲೇ ನನ್ನ ಕೈಯಾರೆ ಅಳಿಸುತ್ತೇನೆ ಅನ್ನುವುದು ಅವಳ ಕೋರಿಕೆ. ಆಸೆಪಟ್ಟವರು ಕೊನೆಗೆ ಆಸೆಪಟ್ಟದ್ದಕ್ಕೇ ಅಳಬಾರದು ಅನ್ನುವುದು ಅದರ ಅರ್ಥ. ಹುಡುಗಿಯರು ಸಾಯುವುದು ತಪ್ಪುವುದಿಲ್ಲ. ಸಯಾಕಾ ಬದುಕಿ ಬರುವುದಿಲ್ಲ, ಆ ಹುಡುಗ ಮಾತ್ರ ಮತ್ತೆ ಪಿಟೀಲು ನುಡಿಸುತ್ತಾನೆ. ಅದನ್ನು ಕೇಳಿ ಅವಳಿಗೆ ಸಮಾಧಾನವಾಗುತ್ತದೆ. ಮಾಮಿಯ ಪ್ರಶ್ನೆಗೆ ಅವಳು ಕೊನೆಗೆ ಉತ್ತರ ಕಂಡುಕೊಂಡದ್ದು ಅಲ್ಲೇ.

ಮೌನರಾಗ

ರೈಲಿನ ದೃಶ್ಯದ ಬಗ್ಗೆ ಹೇಳಿದ್ದು ಸರಿ. ಅಲ್ಲಿ ಸಂಯಮ ಇದೆ. ಆದರೂ ಇನ್ನೊಬ್ಬ ಮ್ಯಾಜಿಕಲ್ ಗರ್ಲ್ ಕ್ಯೋಕೋ ಸಾವಿನವರೆಗೆ ಬರುವಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು. ಅವಳ ಕಥೆಯೇ ಬೇರೆ ಇರಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ. ಅಪ್ಪನ ಬೋಧನೆಯನ್ನು ಜನ ಕೇಳಲಿ ಅಂತ ಬೇಡಿಕೊಂಡ ಹುಡುಗಿ. ಜನ ಬಂದದ್ದು ಮಂತ್ರದಿಂದ ಅಂತ ಗೊತ್ತಾಗಿ ಆ ಅಪ್ಪ ಇಡೀ ಮನೆಯನ್ನೇ ನಾಶ ಮಾಡಿದ. ಇಷ್ಟೆಲ್ಲ ಆದವಳಿಗೆ ಬದುಕುವ ಒಂದು ದಾರಿ ಕೊಡಬೇಕಿತ್ತು.

ಸುರುಳಿ

ಕೊನೆಯ ಎಪಿಸೋಡಿನಲ್ಲಿ ಮಡೋಕಾಳ ಕೋರಿಕೆಯಿಂದಾದ ಹೊಸ ಲೋಕದಲ್ಲಿ ಕ್ಯೋಕೋ ಬದುಕಿದ್ದಾಳೆ, ಮಾಮಿಯೂ ಇದ್ದಾಳೆ. ಸಯಾಕಾ ಹೋದಾಗ ಈಗಷ್ಟೇ ಸ್ನೇಹಿತರಾಗಿದ್ದೆವು ಅಂತ ಕ್ಯೋಕೋ ಅಳುತ್ತಾಳೆ. ಪೂರ್ತಿ ಸಾಲದು, ಗೊತ್ತು.

ನಾನು ಇಲ್ಲಿ ಬಂದದ್ದು ಚಿತ್ರದ ಬಗ್ಗೆ ಹೇಳಲು. ಪಾತ್ರಗಳನ್ನು ರೂಪಿಸಿದವರು ಉಮೆ ಅವೊಕಿ. ದುಂಡು ಮುಖದ ಹುಡುಗಿಯರ ದಿನನಿತ್ಯದ ಹಗುರ ಕಾಮಿಕ್ ಬರೆದು ಹೆಸರಾದವರು. ಮಾಟಗಾತಿಯರು ಅಡಗಿರುವ ಚಕ್ರವ್ಯೂಹಗಳನ್ನು ಮಾಡಿದ್ದು ಗೆಕಿದಾನ್ ಇನು ಕರ್ರಿ ಅನ್ನುವ ಇಬ್ಬರ ತಂಡ. ಕತ್ತರಿಸಿ ಅಂಟಿಸಿದ ಕಾಗದ, ಕತ್ತರಿ, ಬಟ್ಟೆ, ಗುಂಡಿ, ಹಳೆಯ ಮುದ್ರಣದ ಚಿತ್ರಗಳು. ಎರಡೂ ಒಂದೇ ಪರದೆಯ ಮೇಲೆ ಬಂದಾಗ ಆ ಹುಡುಗಿಯರು ಬೇರೆ ಯಾರದೋ ಕೆಟ್ಟ ಕನಸಿಗೆ ಸಿಕ್ಕಿಬಿದ್ದ ಹಾಗೆ ಕಾಣುತ್ತಾರೆ. ಕಥೆ ಬಾಯಿಬಿಟ್ಟು ಹೇಳುವ ಮೊದಲೇ ಚಿತ್ರ ಹೇಳಿಬಿಟ್ಟಿರುತ್ತದೆ. ಆ ಚಕ್ರವ್ಯೂಹ ನಿಜಕ್ಕೂ ಇನ್ನೊಬ್ಬ ಹುಡುಗಿಯ ಮನಸ್ಸಿನ ಒಳಗು ತಾನೇ? ಶಾರ್ಲೊಟ್ ಅನ್ನುವ ಮಾಟಗಾತಿಯ ಲೋಕದಲ್ಲಿ ಸಿಹಿತಿಂಡಿಗಳ ನಡುವೆ ಆಸ್ಪತ್ರೆಯ ಸಾಮಾನುಗಳಿವೆ. ಅವಳು ಯಾರಾಗಿದ್ದಿರಬಹುದು ಅಂತ ಎರಡನೇ ಸಲ ನೋಡುವಾಗ ಯೋಚನೆ ಬರುತ್ತದೆ.

ಗೋಡೆಗಳ ಮೇಲಿನ ವಿಚಿತ್ರ ಲಿಪಿಯನ್ನೂ ಗಮನಿಸಿ. ಸುಮ್ನೆ ಗೀಚಿದ್ದಲ್ಲ, ಅದನ್ನು ಬಿಡಿಸಿ ಓದಬಹುದು. ಜರ್ಮನ್ ಕವಿ ಗಯಟೆಯ ಫೌಸ್ಟ್ ನಾಟಕದ ಸಾಲುಗಳು ಅಲ್ಲಿವೆ. ಆತ್ಮ ಕೊಟ್ಟು ಆಸೆ ಈಡೇರಿಸಿಕೊಳ್ಳುವವನ ಕಥೆ ಅದು. ಕೊನೆಯಲ್ಲಿ ಬರುವ ದೊಡ್ಡ ಮಾಟಗಾತಿಯ ಹೆಸರು ವಾಲ್ಪುರ್ಗಿಸ್‌ನಾಖ್ಟ್, ಅಂದರೆ ಜರ್ಮನ್ ಜನಪದದಲ್ಲಿ ಮಾಟಗಾತಿಯರು ಸೇರುವ ರಾತ್ರಿ. ಆ ನಾಟಕದಲ್ಲೂ ಆ ರಾತ್ರಿ ಬರುತ್ತದೆ.

ಇನ್ನು ಸಂಗೀತ. ಸಂಗೀತ ಮಾಡಿದ ಯುಕಿ ಕಜಿಉರಾ ಕೆಲವು ಹಾಡುಗಳಿಗೆ ಯಾವ ಭಾಷೆಗೂ ಸೇರದ ಪದಗಳನ್ನು ತಾವೇ ಕಟ್ಟಿದ್ದಾರೆ. ಅರ್ಥ ಹಿಡಿಯಲು ಆಗುವುದಿಲ್ಲ, ಹಾಗಾಗಿ ಕಿವಿ ದನಿಯನ್ನಷ್ಟೇ ಹಿಡಿದುಕೊಂಡು ಕೂರುತ್ತದೆ.

ಬಣ್ಣದ ಕೊಡೆ

ಇದನ್ನೆಲ್ಲ ಓದಿ ಮತ್ತೆ ಶುರು ಮಾಡಿದ್ದೇನೆ. ಶಾಲೆಗೆ ಹೊಸದಾಗಿ ಬಂದ ಆ ಹೊಮುರಾ ಯಾಕೆ ಅಷ್ಟು ಒರಟು? ಮಡೋಕಾ ಮೇಲೆ ಸಿಟ್ಟಿದೆಯಾ?

ಹಳೇ ರೀಲು

ಇದೊಂದನ್ನು ದಯವಿಟ್ಟು ಯಾರೂ ಇವರಿಗೆ ಹೇಳಬೇಡಿ. ಹತ್ತನೇ ಎಪಿಸೋಡ್ ನೋಡುವವರೆಗೆ ಈ ಕಡೆ ಬರಬೇಡಿ, ಕೊಡೆಯವರೇ.

ನಡುರಾತ್ರಿ ನೋಡುಗ

ಅವರು ಹೋಗಿದ್ದಾರೆ ಅಂದುಕೊಂಡು ಬರೆಯುತ್ತೇನೆ. ಉಳಿದವರ ಜೊತೆ ಹತ್ತನೇ ಎಪಿಸೋಡ್ ಬಗ್ಗೆ ಮಾತಾಡದೆ ಇರಲು ಆಗುವುದಿಲ್ಲ.

ಎರಡು ಜಡೆ, ಕನ್ನಡಕ, ಹೃದಯದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದು ಹೊಸ ಶಾಲೆಗೆ ಬಂದ ಹೆದರುಪುಕ್ಕಲಿ ಹುಡುಗಿ, ಹೊಮುರಾ ಮೊದಲು ಹೀಗಿದ್ದಳು. ಅವಳನ್ನು ಕಾಪಾಡಿ ಮಡೋಕಾ ಸಾಯುತ್ತಾಳೆ. ಅವಳು ನನ್ನನ್ನು ಕಾಪಾಡುವುದಲ್ಲ, ನಾನು ಅವಳನ್ನು ಕಾಪಾಡುವವಳಾಗಿ ಮತ್ತೆ ಮೊದಲಿನಿಂದ ಅವಳನ್ನು ಭೇಟಿಯಾಗಬೇಕು ಅನ್ನುವುದು ಹೊಮುರಾಳ ಕೋರಿಕೆ. ಅಲ್ಲಿಂದ ಕಾಲ ಹಿಂದಕ್ಕೆ ತಿರುಗಿಸಿ ಅದೇ ತಿಂಗಳು ಮತ್ತೆ, ಮತ್ತೆ. ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಸುತ್ತಿನಲ್ಲಿ ನಿಜ ಗೊತ್ತಾದ ಮಾಮಿ ತಡೆದುಕೊಳ್ಳಲಾಗದೆ ಕ್ಯೋಕೋಳನ್ನು ಕೊಲ್ಲುತ್ತಾಳೆ. ಆ ಸುತ್ತಿನ ಕೊನೆಗೆ, ಕ್ಯೂಬೇ ಮಾತಿಗೆ ನಾನು ಮರುಳಾಗದ ಹಾಗೆ ನೋಡಿಕೋ ಅಂತ ಮಡೋಕಾ ಮಾತು ತೆಗೆದುಕೊಳ್ಳುತ್ತಾಳೆ. ಮಾಟಗಾತಿ ಆಗುವ ಮೊದಲೇ ತನ್ನನ್ನು ಕೊಲ್ಲು ಅಂತಲೂ ಬೇಡುತ್ತಾಳೆ. ಹೊಮುರಾ ಗುಂಡು ಹಾರಿಸುತ್ತಾಳೆ. ಅಲ್ಲಿಂದ ಮುಂದೆ ಕನ್ನಡಕ ಇಲ್ಲ, ಜಡೆ ಇಲ್ಲ, ಯಾರ ಸಹಾಯವೂ ಬೇಡ.

ಇದಾದ ಮೇಲೆ ಆರಂಭದ ಹಾಡು ಬರುತ್ತದೆ, ಎಪಿಸೋಡಿನ ಕೊನೆಗೆ. ಇಷ್ಟು ದಿನ ಅದು ಮಡೋಕಾಳ ಹಾಡು ಅಂದುಕೊಂಡಿದ್ದೆವು. ಮಾತು ಮರೆಯುವುದಿಲ್ಲ ಅನ್ನುವ ಆ ಸಾಲುಗಳು ಹೊಮುರಾಳವು ಅಂತ ಆಗ ತಿಳಿಯುತ್ತದೆ. ಹಾಡಿನ ಒಂದು ಅಕ್ಷರವೂ ಬದಲಾಗಿಲ್ಲ.

ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಕಠೋರ ಅನ್ನಿಸಿದ್ದು ಹನ್ನೊಂದನೆಯದರಲ್ಲಿ ಕ್ಯೂಬೇ ಹೇಳುವ ಮಾತು. ಹೊಮುರಾ ಪ್ರತಿ ಸಲ ಕಾಲ ಹಿಂದಕ್ಕೆ ತಿರುಗಿಸಿದಾಗ ಎಲ್ಲ ಕಾಲಗಳ ಕರ್ಮದ ಎಳೆ ಮಡೋಕಾಗೆ ಸುತ್ತಿಕೊಂಡಿತು. ಅವಳ ಶಕ್ತಿ ಬೆಳೆದದ್ದೇ ಹಾಗೆ. ಅಂದರೆ ಕ್ಯೂಬೇಗೆ ಮಡೋಕಾ ಇಷ್ಟು ಬೆಲೆಬಾಳುವವಳಾದದ್ದು ಹೊಮುರಾಳ ಪ್ರೀತಿಯಿಂದ. ಕ್ಯೂಬೇ ಇದನ್ನು ಹಂಗಿಸಲು ಹೇಳುವುದಿಲ್ಲ, ನಿಜವಾಗಿಯೂ ಮೆಚ್ಚಿ ಹೇಳುತ್ತದೆ. ಆದರೆ ಅದೇ ಶಕ್ತಿ ಇಲ್ಲದಿದ್ದರೆ ಕೊನೆಯ ಆ ದೊಡ್ಡ ಕೋರಿಕೆಯೂ ಸಾಧ್ಯವಿರಲಿಲ್ಲ. ಹೊಮುರಾ ಪಟ್ಟ ಪಾಡು ವ್ಯರ್ಥವಾಗಲಿಲ್ಲ, ಅವಳು ಬಯಸಿದ ರೀತಿಯಲ್ಲಿ ಮಾತ್ರ ಫಲ ಕೊಡಲಿಲ್ಲ.

ಸುರುಳಿ

ಹನ್ನೊಂದು, ಹನ್ನೆರಡು ಪ್ರಸಾರವಾದ ಸಮಯವೂ ನೆನಪಿಡಬೇಕಾದದ್ದು. ಸರಣಿ ಶುರುವಾದದ್ದು 2011ರ ಜನವರಿಯಲ್ಲಿ. ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ ಆಯಿತು. ಉಳಿದ ಎಪಿಸೋಡ್‌ಗಳು ನಿಂತುಹೋಗಿ ಏಪ್ರಿಲ್‌ನಲ್ಲಿ ಒಟ್ಟಿಗೆ ಬಂದವು. ಹನ್ನೊಂದನೆಯದರಲ್ಲಿ ಬಿರುಗಾಳಿಗೆ ಊರೇ ಖಾಲಿಯಾಗಿ ಜನ ಆಶ್ರಯ ಕೇಂದ್ರದಲ್ಲಿ ಕೂತಿರುತ್ತಾರೆ. ಅದನ್ನು ಬರೆದದ್ದು ಮೊದಲೇ ಆದರೂ, ಆಗಷ್ಟೇ ಅದನ್ನೆಲ್ಲ ಕಂಡವರು ಹೇಗೆ ನೋಡಿದರೋ. ಆ ವರ್ಷ ಜಪಾನ್ ಮೀಡಿಯಾ ಆರ್ಟ್ಸ್ ಉತ್ಸವದ ಅನಿಮೇಶನ್ ವಿಭಾಗದ ಮೊದಲ ಬಹುಮಾನ ಇದಕ್ಕೇ ಸಿಕ್ಕಿತು.

ಹಳೇ ರೀಲು

ಸರಣಿಯ ಕಥೆ ಮುಂದುವರಿಸುವ 2013ರ ರೆಬೆಲಿಯನ್ ಸಿನಿಮಾ ಬಗ್ಗೆ ಯಾರೂ ಮಾತೆತ್ತಿಲ್ಲ. ನನಗೆ ಅದು ಬೇಕೇಬೇಕು. ಹನ್ನೆರಡನೇ ಎಪಿಸೋಡಿನಲ್ಲಿ ಮಡೋಕಾ ಲೋಕಕ್ಕೆಲ್ಲ ಸಮಾಧಾನ ತಂದಳು, ಆದರೆ ಹೊಮುರಾಗೆ? ಎಲ್ಲರೂ ಮರೆತ ಗೆಳತಿಯನ್ನು ತಾನೊಬ್ಬಳೇ ನೆನಪಿಟ್ಟುಕೊಂಡು ಬದುಕಬೇಕು. ಅಷ್ಟು ಸಲ ಸೋತವಳು ಅದಕ್ಕೆ ತಲೆಬಾಗುತ್ತಾಳೆ ಅಂತ ನಂಬುವುದು ಕಷ್ಟ.

ನಡುರಾತ್ರಿ ನೋಡುಗ

ನಾನು ಒಪ್ಪುವುದಿಲ್ಲ. ಸಿನಿಮಾ ಚೆನ್ನಾಗಿದೆ, ಚಿತ್ರಗಳಂತೂ ಕಣ್ಣು ತುಂಬುತ್ತವೆ. ಆದರೆ ಮಡೋಕಾ ಪೂರ್ತಿ ತಿಳಿದು, ಯೋಚಿಸಿ, ತಾನೇ ಆರಿಸಿಕೊಂಡದ್ದನ್ನು ಅಲ್ಲಿ ಹೊಮುರಾ ಅವಳಿಂದ ಕಿತ್ತುಕೊಳ್ಳುತ್ತಾಳೆ. ಸರಣಿಯಲ್ಲಿ ಯಾರೂ ಸರಿಯಾಗಿ ತಿಳಿದು ಒಪ್ಪಂದ ಮಾಡಿಕೊಂಡಿರಲಿಲ್ಲ. ಎಲ್ಲ ಗೊತ್ತಿದ್ದೂ ಮಾಡಿಕೊಂಡವಳು ಮಡೋಕಾ ಒಬ್ಬಳೇ. ಅದಕ್ಕೇ ಅವಳ ನಿರ್ಧಾರಕ್ಕೆ ಅಷ್ಟು ತೂಕ.

ಮೌನರಾಗ

ನಿಮ್ಮ ಈ ಮಾತು ಓದಿ ಹನ್ನೊಂದನೆಯದನ್ನು ಮತ್ತೆ ನೋಡಿದೆ. ಮಡೋಕಾಳ ಅಮ್ಮ ಜುಂಕೊ ಇರುವ ದೃಶ್ಯಕ್ಕಾಗಿ. ಮನೆ ನೋಡಿಕೊಳ್ಳುವುದು ಅಪ್ಪ, ಹೊರಗೆ ದುಡಿಯುವುದು ಅಮ್ಮ. ಮೊದಲ ಎಪಿಸೋಡಿನಿಂದಲೂ ಅಮ್ಮ ಮಗಳು ಕನ್ನಡಿ ಮುಂದೆ ಹಲ್ಲುಜ್ಜುತ್ತ ಮಾತಾಡುತ್ತಾರೆ. ನಾಲ್ಕನೆಯದರಲ್ಲಿ ಮಾಟಕ್ಕೆ ಸಿಕ್ಕ ಜನ ವಿಷಗಾಳಿ ಮಾಡಿಕೊಂಡು ಸಾಯಲು ಹೊರಟಾಗ, ಮನೆ ತೊಳೆಯುವ ಆ ದ್ರಾವಣಗಳನ್ನು ಬೆರೆಸಬಾರದು ಅಂತ ಅಮ್ಮ ಹೇಳಿಕೊಟ್ಟದ್ದು ನೆನಪಾಗಿ ಮಡೋಕಾ ಬಕೆಟ್ಟನ್ನು ಕಿಟಕಿಯಿಂದ ಹೊರಗೆಸೆಯುತ್ತಾಳೆ. ಮಂತ್ರಶಕ್ತಿ ಇನ್ನೂ ಬಂದಿರದ ಹುಡುಗಿ.

ಆಶ್ರಯ ಕೇಂದ್ರದಿಂದ ಹೊರಟ ಮಗಳನ್ನು ಜುಂಕೊ ತಡೆಯುತ್ತಾಳೆ, ಕೆನ್ನೆಗೆ ಹೊಡೆಯುತ್ತಾಳೆ, ನಾನೂ ಬರುತ್ತೇನೆ ಅನ್ನುತ್ತಾಳೆ. ಎಲ್ಲಿಗೆ ಹೊರಟೆ ಅಂತ ಮಡೋಕಾ ಹೇಳುವುದಿಲ್ಲ. ನನ್ನನ್ನು ನಂಬು ಅಂತ ಮಾತ್ರ ಕೇಳುತ್ತಾಳೆ. ಯಾರ ಮಾತಿಗೂ ಮರುಳಾಗಿ ಹೋಗುತ್ತಿಲ್ಲ ತಾನೇ ಅಂತ ಅಮ್ಮ ಒಂದೇ ಪ್ರಶ್ನೆ ಕೇಳಿ, ಬೆನ್ನು ತಟ್ಟಿ ಕಳಿಸುತ್ತಾಳೆ.

ಸರಣಿ ಬಗ್ಗೆ ನನ್ನ ತಕರಾರು ಹಾಗೇ ಇದೆ. ಆದರೆ ಕ್ಯೂಬೇ ಜೊತೆಗಿನ ಒಪ್ಪಂದಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಅಮ್ಮ ಕೇಳಿದಳು ಅನ್ನುವುದು ಮೊದಲ ಸಲ ನನ್ನ ಗಮನಕ್ಕೆ ಬಂದಿರಲಿಲ್ಲ.

ನಡುರಾತ್ರಿ ನೋಡುಗ

ನನಗೂ ಬಂದಿರಲಿಲ್ಲ. ಸಯಾಕಾ, ಕ್ಯೋಕೋ, ಮಾಮಿ, ಹೊಮುರಾ ನಾಲ್ವರಿಗೂ ಒಪ್ಪಂದದ ಹೊತ್ತಿಗೆ ಹಾಗೆ ಎದುರು ನಿಂತು ಕೇಳುವ ದೊಡ್ಡವರು ಯಾರೂ ಇರಲಿಲ್ಲ. ಮಾಮಿಯ ಅಪ್ಪ ಅಮ್ಮ ತೀರಿಹೋಗಿದ್ದರು, ಕ್ಯೋಕೋಳ ಅಪ್ಪನಿಗೆ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ. ಸಯಾಕಾ, ಹೊಮುರಾ ಇಬ್ಬರ ಮನೆಯವರನ್ನು ಕಥೆ ತೋರಿಸುವುದೇ ಇಲ್ಲ. ಈ ಕಣ್ಣಿನಿಂದ ಮತ್ತೊಮ್ಮೆ ಮೊದಲಿನಿಂದ ನೋಡಬೇಕು. ಹನ್ನೆರಡನೆಯದರಲ್ಲಿ ಹೊಮುರಾ ಮತ್ತು ಜುಂಕೊ ಹೊಳೆಯ ದಂಡೆಯಲ್ಲಿ ಮಾತಾಡುವ ಭಾಗದ ಬಗ್ಗೆ ನೀವು ಏನಾದರೂ ಬರೆದರೆ ಖಂಡಿತ ಓದುತ್ತೇನೆ.